ಸುಣ್ಣ ಬಳಿದ ಡಬ್ಬಿಗಳು

ಬೈಲಹೊಂಗಲ
೧೦-೨-೧೯೯೯, ಬುಧವಾರ

ಮುದ್ದಿನ ಮಗಳು ಫರೀನಳಿಗೆ,

ನಿನ್ನ ಅಮ್ಮಿಯ ಸಲಾಮು ಮತ್ತು ದುವಾ. ನೀನೂ ಅಳಿಯ ಅಯಾಜನೂ ನಗುನಗುತ್ತ ಇರಿ, ಅಲ್ಲಾಹ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಪತ್ರ ಹೋದ ಶುಕ್ರವಾರ ಮುಟ್ಟಿತು. ಫೋನು ಮಾಡಿಯೇ ಉತ್ತರ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಪಡಸಾಲೆಯ ನಟ್ಟನಡುವೆ ಇದೆ. ನಾನು ಇಲ್ಲಿಂದ ಹತ್ತು ಮಾತು ಆಡಿದರೆ ನೀನು ಅಲ್ಲಿಂದ ಹೂಂ ಹೂಂ ಎಂದಷ್ಟೇ ಅನ್ನಬೇಕು. ಅದಕ್ಕೇ ನೀನು ಪತ್ರ ಬರೆದೆ ಎಂದು ತಿಳಿದಿದ್ದೇನೆ, ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಇದನ್ನು ಒಬ್ಬಳೇ ಕೂತು ಓದು ಮಗಳೇ.

ನಿನ್ನ ಪತ್ರ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈಗೆ ಹಿಟ್ಟು. ಎಂದಿನಂತೆ ನಿನ್ನ ಅಬ್ಬಾ ಒಲೆಯ ಹತ್ತಿರ ಮಣೆ ಹಾಕಿಕೊಂಡು ಕೂತು ನನಗೆ ಕೇಳುವಂತೆ ಓದತೊಡಗಿದರು. ಮೊದಲು ಕ್ಷೇಮ ಸಮಾಚಾರ. ಆಮೇಲೆ ನಿನ್ನ ನಾದಿನಿ ಗುಲಫಶಾಳ ಮದುವೆಗೆ ತಂದ ಬಟ್ಟೆಗಳ ಸುದ್ದಿ. ಆಮೇಲೆ ಆ ಮಾತು ಬಂತು. ಅಬ್ಬಾ ಓದುವುದನ್ನು ನಿಲ್ಲಿಸಲಿಲ್ಲ, ದನಿಯನ್ನೂ ಬದಲಿಸಲಿಲ್ಲ. ಗಿಡಕ್ಕೆ ಟೊಮ್ಯಾಟೊ ಕಟ್ಟಿದ ಬೀಗರೆಂದು ಇಲ್ಲಿ ಬಂದವರೆಲ್ಲ ನಗುತ್ತಾರೆ, ನನಗೆ ತಲೆ ಎತ್ತಲಿಕ್ಕಾಗುತ್ತಿಲ್ಲ, ಅಬ್ಬಾ ಯಾಕೆ ಹೀಗೆ ಮಾಡಿದರು, ಮದುವೆಗೆ ನೀನೊಬ್ಬಳೇ ಬಾ ಅಮ್ಮಿ, ಅವರು ಬರುವುದು ಬೇಡ ಎಂದು ನೀನು ಬರೆದದ್ದನ್ನೆಲ್ಲ ಒಂದಕ್ಷರ ಬಿಡದೆ, ಬಸ್ಸಿನ ಬೋರ್ಡು ಓದಿದಂತೆ ಓದಿದರು. ಮುಗಿದ ಮೇಲೆ ಪತ್ರವನ್ನು ನೀನು ಮಡಿಚಿದ ಮಡಿಕೆಗಳಲ್ಲೇ ಮಡಿಚಿ ಪಕ್ಕಕ್ಕಿಟ್ಟರು.

“ಹುಡುಗಿ ಬರದದ್ದು ಖರೇ ಐತಿ ಬಾನು. ನೀ ಒಬ್ಬಾಕಿನ ಹೋಗಿ ಬಾ” ಎಂದರು.

ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ನಾನು ಆಗಲೂ ಬಾಯಿ ಬಿಡಲಿಲ್ಲ.

ಅಂದಿನಿಂದ ಅವರು ಬಸ್ ಸ್ಟ್ಯಾಂಡಿನ ಮುಂದಿನ ಚಹಾದಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಹಳೆಯ ಡ್ರೈವರುಗಳೆಲ್ಲ ಅಲ್ಲಿ ಸೇರುತ್ತಾರೆ, ನಿನಗೆ ಗೊತ್ತು. ನಿಮ್ಮೂರು ರಾಮದುರ್ಗದ ಬಸ್ಸು ದಿನವೂ ಅಲ್ಲಿಗೆ ಬರುತ್ತದೆ, ಬಸ್ಸಿನ ಜೊತೆಗೆ ರಾಮದುರ್ಗದ ಮಾತೂ ಬರುತ್ತದೆ. ನಮಾಜಿಗೆ ಹೋಗುವಾಗ ಹಿಂದಿನ ಓಣಿ ಹಿಡಿಯುತ್ತಾರೆ. ಮದುವೆಗೆಂದು ಹೊಲಿಸಿದ ಹೊಸ ಬಟ್ಟೆಯನ್ನು ತಂದು ಟ್ರಂಕಿನ ತಳಕ್ಕೆ ಹಾಕಿದ್ದಾರೆ. ಮಾಳಿಗೆಯ ಮೆಟ್ಟಿಲ ಕಡೆಗಂತೂ ಹೊರಳಿ ನೋಡುವುದಿಲ್ಲ.

ಅಬ್ಬಾ ಯಾಕೆ ಹೀಗೆ ಮಾಡಿದರು ಎಂದು ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಬರೆಯಬೇಕೆಂದೇ ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಕೈ ಏಳುತ್ತಿಲ್ಲ. ಸ್ವಲ್ಪ ಹಿಂದಿನಿಂದ ಬರುತ್ತೇನೆ. ನೀನು ಮದುವೆಯಾಗಿ ಹೋದ ಮೇಲಿನ ಸಂಗತಿ ಇದು, ಫೋನಿನಲ್ಲಿ ಅರ್ಧಂಬರ್ಧ ಕೇಳಿದ್ದೀ.

ಅಬ್ಬಾ ರಿಟೈರ್ ಆಗುವ ಸ್ವಲ್ಪ ಮೊದಲು ಧಾರವಾಡದ ಕೃಷಿ ಮೇಳಕ್ಕೆ ಬಸ್ಸಿನಲ್ಲಿ ರೈತರನ್ನು ತುಂಬಿಕೊಂಡು ಹೋಗಿದ್ದರು. ರೈತರೆಲ್ಲ ಟ್ರ್ಯಾಕ್ಟರ್ ನೋಡಲು ಹೋದರು. ಇವರು ಹೊತ್ತು ಹೋಗಲೆಂದು ಒಂದು ಮಳಿಗೆಯ ನೆರಳಿಗೆ ನಿಂತರಂತೆ. ಅಲ್ಲಿ ಮಣ್ಣೇ ಇಲ್ಲದೆ, ಬರೀ ಗೊಬ್ಬರದ ನೀರಿನಲ್ಲಿ ಬೇರು ಬಿಟ್ಟುಕೊಂಡು ಟೊಮ್ಯಾಟೊ ಗಿಡ ನಿಂತಿತ್ತು. ಮಳಿಗೆಯವನು ಮುಚ್ಚಳ ಎತ್ತಿ ಬೇರು ತೋರಿಸಿದನಂತೆ, ಮುದುಕನ ಗಡ್ಡದ ಹಾಗೆ ಬೆಳ್ಳಗೆ ಇಳಿದಿತ್ತಂತೆ. ಅವತ್ತು ಮನೆಗೆ ಬಂದವರು ಊಟ ಮಾಡುವಾಗಲೂ ಆ ಬೇರಿನದೇ ಮಾತು. ನಮ್ಮ ವಂಶದಲ್ಲಿ ಯಾರಿಗೂ ಒಂದು ಗುಂಟೆ ಹೊಲವಿಲ್ಲ. ಸುತ್ತ ಎಲ್ಲಿ ನೋಡಿದರೂ ಎರೆಭೂಮಿ, ಅದರಲ್ಲಿ ನಮ್ಮದು ಅನ್ನುವುದು ಒಂದು ಹಿಡಿಯೂ ಇಲ್ಲ. ರಿಟೈರ್ ಆದ ಮೇಲೆ ಮನೆಗೆ ಸ್ಲ್ಯಾಬು ಹಾಕಿಸಿದರಲ್ಲ, ಆ ಸ್ಲ್ಯಾಬನ್ನೇ ಹೊಲ ಮಾಡಿಕೊಂಡರು.

ಗಿಡ ಬೆಳೆಸುವುದಕ್ಕಿಂತ ಅದನ್ನು ಯಾವುದರಲ್ಲಿ ಬೆಳೆಸುವುದು ಎಂಬುದೇ ದೊಡ್ಡ ಕೆಲಸವಾಯಿತು. ಮೊದಲು ಗಾಜಿನ ಬಾಟಲಿಗಳನ್ನು ಸಾಲಾಗಿ ಇಟ್ಟರು. ಬೇರು ಕಣ್ಣಿಗೆ ಕಾಣಬೇಕು ಎಂಬುದು ಅವರ ಆಸೆ. ಬೇರು ಕಂಡಿತು, ಕೆಲವೇ ದಿನಗಳಲ್ಲಿ ಪಾಚಿಯೂ ಕಂಡಿತು. ನೀರು ಹಸಿರಾಗಿ ಬೇರೆಲ್ಲ ಲೋಳೆ ಲೋಳೆಯಾಗಿ ಕೊಳೆಯಿತು. ನೀರಿಗೆ ಬೆಳಕು ತಾಗಬಾರದು ಎಂದು ಆಗ ತಿಳಿಯಿತು. ಆಮೇಲೆ ತಗಡಿನ ಡಬ್ಬಿಗಳು ಬಂದವು. ಗೊಬ್ಬರದ ನೀರಿಗೆ ಅವು ಬೇಗನೆ ಜಂಗು ಹಿಡಿದವು. ಆಮೇಲೆ ನನ್ನನ್ನು ಒಂದು ಮಾತೂ ಕೇಳದೆ ನನ್ನ ತವರಿನ ತಾಮ್ರದ ಕೊಡ ಮೇಲೇರಿತು. ಒಳಗೆಲ್ಲ ಕಿಲುಬು ಎದ್ದು ಪಾಲಕದ ಸಸಿ ಸುಟ್ಟಂತೆ ಸತ್ತವು. ಹುಣಸೆಹಣ್ಣು ಹಚ್ಚಿ ಆ ಕೊಡ ತಿಕ್ಕುತ್ತ ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಪಕ್ಕದ ಮನೆಯ ಬಸವಣ್ಣೆಪ್ಪ ಅವರು ತಮ್ಮ ಹತ್ತಿ ಹೊಲಕ್ಕೆ ಹೊಡೆದ, ಹುಳ ಕೊಲ್ಲುವ ಎಣ್ಣೆಯ ಕ್ಯಾನುಗಳನ್ನು ತಂದುಕೊಟ್ಟರು. ಗಟ್ಟಿ ಪ್ಲಾಸ್ಟಿಕ್ಕು, ಬಣ್ಣವೂ ದಟ್ಟ. ಅಬ್ಬಾ ಮೂಸಿ ನೋಡಿ, ಎಷ್ಟು ತೊಳೆದರೂ ವಿಷದ ಡಬ್ಬಿ ವಿಷದ್ದೇ, ತಿನ್ನುವ ಪಲ್ಯವನ್ನು ಇದರಲ್ಲಿ ಬೆಳೆಯಲಾರೆ ಎಂದು ಕೈಮುಗಿದು ತಿರುಗಿ ಕೊಟ್ಟರು.

ಕೊನೆಗೆ ಒಪ್ಪಿಗೆಯಾದದ್ದು ಹೋಟೆಲಿನವರು ಬಿಸಾಡುವ ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿಗಳು. ಅವನ್ನು ಸೋಡಾ ಹಾಕಿ ಬಿಸಿನೀರಿನಲ್ಲಿ ತೊಳೆದು, ಬಾಯಿ ಕತ್ತರಿಸಿ, ಹೊರಗೆ ಕರಿ ಬಣ್ಣ ಬಳಿದರು. ಒಳಗೆ ಕತ್ತಲಾಯಿತು, ಪಾಚಿ ನಿಂತಿತು. ಆದರೆ ಮಧ್ಯಾಹ್ನದ ಬಿಸಿಲಿಗೆ ಕರಿ ಡಬ್ಬಿ ಕಾದು ನೀರು ಚಹಾದಂತೆ ಬಿಸಿಯಾಯಿತು. ಆಗ ಸುಣ್ಣಕ್ಕೆ ಗೋಂದು ಕಲಸಿ ಆ ಕರಿ ಬಣ್ಣದ ಮೇಲೆ ಬಳಿದರು. ಟೊಮ್ಯಾಟೊಗೆ ಆಳವಾದ ಡಬ್ಬಿ, ಮೆಂತ್ಯೆ ಕೊತ್ತಂಬರಿಗೆ ಅಗಲವಾದ ಥರ್ಮಾಕೋಲ್ ಪೆಟ್ಟಿಗೆ. ಮುಚ್ಚಳಕ್ಕೆ ದುಂಡಗೆ ತೂತು, ತೂತಿನಲ್ಲಿ ಪ್ಲಾಸ್ಟಿಕ್ ಕಪ್ಪು, ಕಪ್ಪಿಗೆ ಕಾದ ಮೊಳೆಯಿಂದ ಚುಚ್ಚಿದ ಕಂಡಿಗಳು, ಒಳಗೆ ಇಟ್ಟಿಗೆಯ ಚೂರು ಮತ್ತು ತೆಂಗಿನ ನಾರು. ಡಬ್ಬಿಯನ್ನು ಬಾಯಿಮಟ ತುಂಬಿಸಬಾರದು, ಕಪ್ಪಿಗೂ ನೀರಿಗೂ ನಡುವೆ ಜಾಗ ಬಿಡಬೇಕು, ಬೇರಿಗೂ ಉಸಿರಾಡಬೇಕಲ್ಲ ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ. ನಾನು ಒಗ್ಗರಣೆ ಹಾಕುತ್ತ ಹೂಂ ಅಂದಿದ್ದೇನೆ. ಕೇಳಿದ್ದೇನೆಯೇ ಎಂದರೆ ಇಲ್ಲ.

ಆ ಡಬ್ಬಿಗಳು ನೋಡಲು ಚೆಂದವಿರಲಿಲ್ಲ. ಸುಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ಒಳಗಿನ ಕರಿ ಬಣ್ಣ ಇಣುಕುತ್ತಿತ್ತು. ಒಂದು ಓರೆ, ಒಂದು ಸೊಟ್ಟ. ಆದರೆ ಅವುಗಳಲ್ಲಿ ಬೆಳೆದ ಪಾಲಕ ನನ್ನ ಕೈಯಗಲ ಆಯಿತು. ಪುದೀನಾ ಓಣಿಗೆಲ್ಲ ಸಾಕಾಯಿತು. ಬಸವಣ್ಣೆಪ್ಪನವರ ಹೆಂಡತಿ ಶಟ್ಟೆವ್ವ ತನ್ನ ಮಾಳಿಗೆಯಿಂದ ಇಣುಕಿ, “ಅಣ್ಣಾರ, ಮಣ್ಣಿಲ್ದ ಬೆಳಿ ತಗದ್ರ ನಮ್ಮ ಹೊಲಾ ಯಾರ ಕೇಳತಾರ್ರಿ” ಎಂದು ಕಾಡಿಸುತ್ತಿದ್ದಳು. ಅವರು ಅದಕ್ಕೆ ಎದೆಯುಬ್ಬಿಸಿ ನಗುತ್ತಿದ್ದ ರೀತಿ ನೀನು ನೋಡಬೇಕಿತ್ತು. ಸ್ಟೇರಿಂಗ್ ಬಿಟ್ಟ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಈ ಸಲದ ಚಳಿಗಾಲಕ್ಕೆ ಟೊಮ್ಯಾಟೊ ಹಿಡಿಯಿತು. ಈದಿನ ದಿನ ನಿನ್ನ ಮಾವನವರು ಫೋನು ಮಾಡಿದಾಗ, ಕಾಯಿ ಕೆಂಪು ತಿರುಗಲು ಹತ್ತಿವೆ, ಬಂದು ನಿಮ್ಮ ಕೈಯಿಂದಲೇ ಹರಿದುಕೊಂಡು ಹೋಗಿರಿ ಎಂದು ಅಬ್ಬಾ ಕರೆದರು. ಅವರೂ ಒಪ್ಪಿದರು. ಈದ್ ಆದ ಎರಡನೆಯ ರವಿವಾರ ಎಂದು ಮಾತಾಯಿತು. ಬೀಗರು ತಾವಾಗಿ ನಮ್ಮ ಮನೆಗೆ ಊಟಕ್ಕೆ ಬರುವುದು ಅದೇ ಮೊದಲು. ಅವರದು ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ, ನಾವು ಬಸ್ಸಿನ ಡ್ರೈವರನ ಮನೆಯವರು. ಬೀಗರು ಬರುತ್ತಾರೆ, ಅದೂ ನನ್ನ ಗಿಡ ನೋಡಲಿಕ್ಕೆ ಬರುತ್ತಾರೆ ಎಂದು ಇವರಿಗೆ ಹಿಡಿಸಲಾರದ ಸಂತೋಷ.

ಬೀಗರು ಬರಬೇಕಾದ ವಾರವೇ ಚಚಡಿ ಹಳ್ಳಿಯಿಂದ ಕರೆ ಬಂತು, ನಿನ್ನ ಅಬ್ಬಾನ ಚಾಚಿಗೆ ಕೊನೆಯ ಹೊತ್ತು ಎಂದು. ಬುಧವಾರ ಹೊರಟರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, ನೀರು ಇಳಿದರೆ ಇಳಿಯಲಿ, ನೀನು ಏನೂ ಮಾಡಬೇಡ ಎಂದು ಹೇಳಿ ಹೋದರು.

ಫರೀನ್, ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟು ಎದ್ದು ಹೋಗಿದ್ದೆ. ನೀರು ತುಂಬುವ ನೆಪ ಮಾಡಿದೆ, ಅಕ್ಕಿ ಆರಿಸುವ ನೆಪ ಮಾಡಿದೆ. ಈಗ ಮತ್ತೆ ಕೂತಿದ್ದೇನೆ.

ಬೀಗರು ಬರುತ್ತಾರೆ ಎಂದಾದ ಮೇಲೆ ನಮ್ಮ ಮಾಳಿಗೆ ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತ್ತು. ಅಬ್ಬಾ ಆ ಕಡೆ ಚಚಡಿಯ ಬಸ್ಸು ಹತ್ತಿದರು, ಈ ಕಡೆ ನಾನು ಪೇಟೆಗೆ ಹೋಗಿ ಹೊಸ ಭರಣಿಗಳನ್ನು ತಂದೆ. ತಿಳಿ ಪ್ಲಾಸ್ಟಿಕ್ಕಿನವು, ಗುಲಾಬಿ ಮುಚ್ಚಳದವು, ಅಂಗಡಿಯಲ್ಲಿ ಮಿಠಾಯಿ ತುಂಬಿಡುತ್ತಾರಲ್ಲ ಅಂಥವು. ಮುಚ್ಚಳಗಳಿಗೆ ತೂತು ಕೊರೆಸಿದೆ. ಸುಣ್ಣದ ಡಬ್ಬಿಗಳಿಂದ ಗಿಡಗಳನ್ನು ಕಿತ್ತು ಅವುಗಳಿಗೆ ಇಳಿಸಿದೆ. ಬೇರು ಉದ್ದ ಇದ್ದವು, ಭರಣಿಯ ಬಾಯಿ ಸಣ್ಣದಿತ್ತು, ತುರುಕಿದೆ. ಕೆಲವು ಹರಿದವು. ಮೇಲೆ ನೀರು ಸುರಿದೆ, ಬಾಯಿಮಟ, ತುಳುಕುವಂತೆ. ನೀರು ಹೆಚ್ಚಾದಷ್ಟೂ ಗಿಡಕ್ಕೆ ಹಿತ ಎಂಬುದು ನನ್ನ ಲೆಕ್ಕ. ಬಿಸಿಲಿಗೆ ಭರಣಿಗಳು ಫಳಫಳ ಹೊಳೆದವು. ನನಗೇ ಹೆಮ್ಮೆಯಾಯಿತು. ಅಬ್ಬಾ ಬಂದು ನೋಡಿ ಖುಷಿಪಡುತ್ತಾರೆ ಎಂದುಕೊಂಡೆ. ಹಳೆಯ ಡಬ್ಬಿಗಳನ್ನು ಗುಜರಿಯವನ ಗಾಡಿಗೆ ಹಾಕಿದೆ.

ಶುಕ್ರವಾರ ಎಲೆಗಳು ಬಾಡಿ ಇಳಿಬಿದ್ದವು. ಶನಿವಾರ ಕಾಯಿ ಉದುರತೊಡಗಿದವು. ನಾನು ಇನ್ನಷ್ಟು ನೀರು ಹಾಕಿದೆ. ಕಟ್ಟಿಗೆ ನೆಟ್ಟು ಟೊಂಗೆಗಳನ್ನು ಎತ್ತಿ ಕಟ್ಟಿದೆ. ಎಲೆಗೆ ನೀರು ಚಿಮುಕಿಸಿದೆ. ಉಸಿರು ಕಟ್ಟಿದ ಗಿಡಕ್ಕೆ ಮತ್ತೆ ಮತ್ತೆ ನೀರು ಕುಡಿಸಿದೆ. ಅವರು ಹೇಳಿದ ಒಂದು ಮಾತನ್ನಾದರೂ ನಾನು ಆಗ ನೆನೆಸಿಕೊಳ್ಳಬಾರದಿತ್ತೇ.

ರವಿವಾರ ಬೆಳಿಗ್ಗೆ ಗಿಡದಲ್ಲಿ ಒಂದು ಕೆಂಪು ಕಾಯಿಯೂ ಇರಲಿಲ್ಲ. ಮಧ್ಯಾಹ್ನ ಬೀಗರು ಬರುವವರಿದ್ದರು. ಕಾಯಿಪಲ್ಯ ಮಾರುವ ರಾಯವ್ವನ ಬುಟ್ಟಿಯಿಂದ ಹಣ್ಣು ಹಣ್ಣು ಟೊಮ್ಯಾಟೊ ಆರಿಸಿ ತಂದೆ. ಹೊಲಿಗೆಯ ದಾರದಿಂದ ಒಂದೊಂದನ್ನೇ ಟೊಂಗೆಗೆ ಕಟ್ಟಿದೆ. ಗಂಟು ಕಾಣದಂತೆ ಎಲೆಯನ್ನು ಹೊದಿಸಿದೆ.

ನಾನು ಕಟ್ಟಿದೆ, ಮಗಳೇ. ನಿನ್ನ ಅಬ್ಬಾ ಅಲ್ಲ.

ಅವರು ಬಂದ ಕೂಡಲೇ ಬದಿಗೆ ಕರೆದು ಹೇಳಿಬಿಡಬೇಕು ಎಂದೇ ಇದ್ದೆ. ಆದರೆ ಚಾಚಿ ಶನಿವಾರ ತೀರಿಕೊಂಡರು, ಮಣ್ಣು ಮುಗಿಸಿ ಅವರು ರವಿವಾರದ ಬಸ್ಸಿಗೆ ಬಂದರು. ಬಸ್ ಸ್ಟ್ಯಾಂಡಿನಲ್ಲೇ ನಿನ್ನ ಅತ್ತೆ ಮಾವ ಎದುರಾದರು. ಮೂವರೂ ಕೂಡಿ ಮನೆಗೆ ಬಂದರು. ನೀರು ಕುಡಿಯಲೂ ಕೂಡಲಿಲ್ಲ, ಮೊದಲು ಗಿಡ ತೋರಿಸಿರಿ ಎಂದು ನಿನ್ನ ಮಾವ ಮೆಟ್ಟಿಲು ಹತ್ತಿದರು. ಅಬ್ಬಾ ಅವರ ಹಿಂದೆ. ನಾನು ಎಲ್ಲರ ಹಿಂದೆ.

ಮೇಲೆ ಹೋಗಿ ಅಬ್ಬಾ ನಿಂತುಬಿಟ್ಟರು. ಅವರ ಡಬ್ಬಿ ಒಂದೂ ಇಲ್ಲ. ಭರಣಿಗಳು ಹೊಳೆಯುತ್ತಿವೆ, ಒಳಗಿನ ನೀರು ಆಗಲೇ ಹಸಿರು ತಿರುಗಿದೆ, ಕಂದುಬಣ್ಣದ ಬೇರು ಎಲ್ಲರಿಗೂ ಕಾಣುತ್ತಿದೆ. ಸತ್ತ ಗಿಡದ ಮೇಲೆ ಕೆಂಪು ಹಣ್ಣು. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದೆ.

ನಿನ್ನ ಅತ್ತೆ ಒಂದು ಹಣ್ಣಿಗೆ ಕೈ ಹಾಕಿದರು. ಹಣ್ಣು ಬಂತು, ಜೊತೆಗೆ ದಾರವೂ ಬಂತು, ದಾರಕ್ಕೆ ಸಿಕ್ಕ ಟೊಂಗೆಯೂ ಮುರಿದು ಬಂತು. ಪಕ್ಕದ ಹಣ್ಣು ಉದುರಿ ನಿನ್ನ ಮಾವನ ಕಾಲ ಹತ್ತಿರ ಉರುಳಿತು. ಅವರು ಬಗ್ಗಿ ಅದನ್ನೆತ್ತಿ ದಾರ ಹಿಡಿದು ತೂಗಿದರು.

“ಬೀಗರ, ನೀರಾಗ ಬೆಳದ ಟೊಮ್ಯಾಟೊಕ್ಕ ಗಂಟೂ ಬರತೈತೇನ್ರಿ?”

ಆಗ ನಾನು ಒಂದು ಮಾತು ಆಡಬೇಕಿತ್ತು. ಅಬ್ಬಾ ಒಂದು ಹೆಜ್ಜೆ ಮುಂದೆ ಬಂದರು.

“ನಾನ ಕಟ್ಟೇನ್ರಿ. ಚಚಡಿಗೆ ಹೋಗೂ ಮೊದಲ ಕಟ್ಟಿ ಹೋಗಿದ್ದೆ. ನಿಮ್ಮ ಮುಂದ ದೊಡ್ಡಂವ ಅನ್ನಿಸ್ಕೋಬೇಕಂತ ಆಸೆ ಆತು.”

ನಿನ್ನ ಮಾವ ಮೊದಲು ಬೆರಗಾದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಯುವ ಚಾಚಿಯನ್ನು ನೋಡಲು ಹೊರಟವರು ಟೊಮ್ಯಾಟೊ ಕಟ್ಟಿ ಹೋದಿರಾ ಎಂದು ನಕ್ಕರು. ಅವರ ನಗೆಯಲ್ಲಿ ಕೆಟ್ಟತನವಿರಲಿಲ್ಲ, ನಗುವಂಥದ್ದೇ ಅದು. ಅಬ್ಬಾ ಕೂಡ ನಗಲು ನೋಡಿದರು. ತಾವೇ ಮಣ್ಣು ಕೊಟ್ಟು ಬಂದ ಚಾಚಿಯ ಹೆಸರು ಆ ನಗೆಯಲ್ಲಿ ಸಿಕ್ಕಾಗ ಅವರ ಮುಖ ಹೇಗಾಯಿತು ಎಂಬುದನ್ನು ನಾನು ಬರೆಯಲಾರೆ. ಅವರನ್ನು ಸಾಕಿದವರೇ ಆ ಚಾಚಿ.

ಊಟಕ್ಕೆ ಬಡಿಸಿದೆ. ಬಿರಿಯಾನಿ ಚೆನ್ನಾಗಿದೆ ಎಂದರು. ಟೊಮ್ಯಾಟೊ ಚಟ್ನಿ ತೋರಿಸಿ ಇದು ಗಿಡದ್ದೋ ದಾರದ್ದೋ ಎಂದು ನಿನ್ನ ಅತ್ತೆ ಕೇಳಿದರು, ಮತ್ತೆ ನಕ್ಕರು. ಅವರನ್ನು ಬಸ್ಸಿಗೆ ಕೂಡಿಸಿ ಬಂದ ಅಬ್ಬಾ ಸೀದಾ ಮಾಳಿಗೆಗೆ ಹೋದರು. ಗಿಡಗಳನ್ನೆಲ್ಲ ಕಿತ್ತರು, ಭರಣಿಗಳನ್ನು ತೊಳೆದು ಬೋರಲು ಹಾಕಿದರು. ಕೆಳಗೆ ಬಂದು ಒಂದೇ ಮಾತು ಕೇಳಿದರು, ಡಬ್ಬಿ ಎಲ್ಲಿವೆ ಎಂದು. ಗುಜರಿಗೆ ಹಾಕಿದೆ ಎಂದೆ. ಹೂಂ ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವತ್ತಿನಿಂದ ಇವತ್ತಿನವರೆಗೆ ಅದರ ಮಾತನ್ನು ಅವರಾಗಿ ಎತ್ತಿಲ್ಲ.

ನಾನು ಎತ್ತಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ನೀನು ಎರಡು ಸಲ ಫೋನು ಮಾಡಿದೆ, ಎರಡು ಸಲವೂ ಅಬ್ಬಾ ಹೀಗೆ ಮಾಡಬಾರದಿತ್ತು ಎಂದೆ. ನಾನು ಆಗಿಹೋಯಿತು ಬಿಡು ಎಂದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳಿದೆ. ದಿನ ಹೋದಂತೆ ಆ ಸುಳ್ಳು ನಮ್ಮ ಮನೆಯದೇ ಒಂದು ಸಾಮಾನಿನ ಹಾಗೆ ಕೂತುಬಿಟ್ಟಿತ್ತು. ಅದನ್ನು ದಾಟಿಕೊಂಡು ಓಡಾಡುವುದು ರೂಢಿಯಾಗಿತ್ತು. ಎಲ್ಲರೂ ಅವರನ್ನು ನೋಡಿ ನಗುವಾಗ ನನ್ನನ್ನು ನೋಡಿ ಯಾರೂ ನಗುತ್ತಿಲ್ಲ ಎಂಬ ಒಂದು ಸಮಾಧಾನವೂ ನನ್ನೊಳಗೆ ಇತ್ತು. ಇದನ್ನು ಬರೆಯುವಾಗ ನನಗೆ ನನ್ನ ಕೈಯನ್ನೇ ನೋಡಲಾಗುತ್ತಿಲ್ಲ.

ನಿನ್ನ ಪತ್ರ ಬಂದ ಮರುದಿನ ಶಟ್ಟೆವ್ವ ಮೊಸರು ಕೊಡಲು ಬಂದಳು. ಅಣ್ಣಾರು ಯಾಕೆ ಹೊರಗೆ ಕಾಣುತ್ತಿಲ್ಲ ಎಂದು ಕೇಳಿದಳು. ನಾನು ಅತ್ತುಕೊಂಡು ನಿನ್ನ ಪತ್ರದ ಸಂಗತಿ ಹೇಳಿದೆ, ಮಗಳು ತಂದೆಯನ್ನೇ ಬರಬೇಡ ಎಂದಳು ಎಂದೆ. ಅಲ್ಲಿಯೂ ನನ್ನ ಪಾಲಿನದನ್ನು ಬಿಟ್ಟೇ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಬಾನುಬಿ, ಅವತ್ತ ಮುಂಜಾನೆ ನಾ ಮೆಣಸಿನಕಾಯಿ ಹರವಾಕತ್ತಿದ್ದೆ. ನೀ ಕಟ್ಟೂದನ್ನ ಕಣ್ಣಾರೆ ನೋಡೇನಿ. ನಾ ಯಾರ ಮುಂದೂ ಹೇಳಾಕಿ ಅಲ್ಲ. ನೀ ಯಾವಾಗ ಹೇಳಾಕಿ?”



ಆ ದಿನ ಸಂಜೆಯ ನಮಾಜು ಮುಗಿಸಿ ಬಂದ ಅಬ್ಬಾನ ಮುಂದೆ ಕೂತೆ. ಫರೀನಳಿಗೆ ಎಲ್ಲ ಬರೆದುಬಿಡುತ್ತೇನೆ ಎಂದೆ. ಅವರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಆಮೇಲೆ ಮೆತ್ತಗೆ ಹೇಳಿದರು:

“ಬ್ಯಾಡ. ನನ್ನ ಹೆಸರು ಕೆಟ್ರ ನನಗಷ್ಟ ಕೆಟ್ಟಿತು. ಗಂಡಸು ಬಡಾಯಿ ಕೊಚ್ಚಿದಾ ಅಂತ ನಾಲ್ಕ ದಿನಾ ನಕ್ಕು ಮರೀತಾರ. ನಿನ್ನ ಹೆಸರು ಕೆಟ್ರ ಆ ಹುಡುಗಿಗೆ ಅಲ್ಲಿ ದಿನಾ ಕೇಳಬೇಕಾಕ್ಕೈತಿ, ನಿಮ್ಮವ್ವ ನಿನಗ ಇದನ್ನ ಕಲಿಸ್ಯಾಳೇನಂತ. ಅಕಿ ಅಡಗಿ ಮಾಡಿದ್ರೂ ಅಂತಾರ, ಮನಿ ಸಾರಿಸಿದ್ರೂ ಅಂತಾರ.”

ಮಾಳಿಗೆಯ ಮೇಲೆ, ಆ ಒಂದು ಗಳಿಗೆಯಲ್ಲಿ, ಅವರು ಇಷ್ಟನ್ನೂ ಯೋಚಿಸಿದ್ದರು ಫರೀನ್. ನಾನು ನನ್ನ ಮಾನ ಹೋಯಿತಲ್ಲ ಎಂದು ಸೆರಗು ಹಿಡಿದು ನಿಂತಿದ್ದಾಗ ಅವರು ನಿನ್ನ ಬಗ್ಗೆ ಯೋಚಿಸಿದ್ದರು. ಅದೇ ಮನುಷ್ಯ ಮೊನ್ನೆ ಒಲೆಯ ಮುಂದೆ ಕೂತು, ಅಬ್ಬಾ ಬರುವುದು ಬೇಡ ಎಂಬ ನಿನ್ನ ಸಾಲನ್ನು ಗಟ್ಟಿಯಾಗಿ ಓದಿದರು.

ನಿನ್ನನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನೀನು ತಿಳಿದದ್ದರ ಮೇಲೆ ಬರೆದೆ. ತಪ್ಪು ತಿಳಿಸಿದವಳು ನಾನು. ಅವರು ಬೇಡವೆಂದರೂ ಬರೆದೆ, ಯಾಕೆಂದರೆ ಅವರು ಹೊತ್ತದ್ದನ್ನು ಇನ್ನೊಂದು ದಿನ ಹೊರಲು ಬಿಟ್ಟರೆ ನಾನು ಅವರ ಎದುರಿಗೆ ಕೂತು ಉಣ್ಣಲಾರೆ. ನಿನಗೆ ಅಲ್ಲಿ ಒಂದು ಮಾತು ಬರಬಹುದು. ಬಂದರೆ, ಹೌದು, ನಮ್ಮ ಅಮ್ಮಿ ತಪ್ಪು ಮಾಡಿದಳು ಎಂದು ಹೇಳು. ಅಷ್ಟಕ್ಕೇ ಬಿಡು. ನನ್ನ ಪರವಾಗಿ ವಾದ ಮಾಡಬೇಡ.

ಒಂದೇ ಕೆಲಸ ಮಾಡು. ಮದುವೆಗೆ ಬರಬೇಕೆಂದು ಅಬ್ಬಾಗೆ ನೀನೇ ಒಂದು ಪತ್ರ ಬರೆ. ಮೇಲೆ ಅವರ ಹೆಸರು ಹಾಕು, ನನ್ನದು ಬೇಡ. ಇದೆಲ್ಲ ತಿಳಿದಿದೆ ಎಂದು ಬರೆಯುವೆಯೋ ಬಿಡುವೆಯೋ ನಿನಗೆ ಬಿಟ್ಟದ್ದು. ನೀನು ಕರೆದರೆ ಸಾಕು, ಅವರು ಕಾರಣ ಕೇಳುವವರಲ್ಲ. ಒಬ್ಬರೇ ಬರಬೇಕು ಎಂದಾದರೆ ಅವರು ಬರಲಿ, ನಾನು ಮನೆಯಲ್ಲಿರುತ್ತೇನೆ. ಟ್ರಂಕಿನಿಂದ ಬಟ್ಟೆ ತೆಗೆದು ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ, ಅವರಿಗೆ ಹೇಳಿಲ್ಲ.

ಅಯಾಜನಿಗೆ ನನ್ನ ಆಶೀರ್ವಾದ. ಮದುವೆಯ ಓಡಾಟದಲ್ಲಿ ಹೊತ್ತುಹೊತ್ತಿನ ಊಟ ಬಿಡಬೇಡ.

ನಿನ್ನ ಅಮ್ಮಿ,
ಬಾನುಬಿ

ತಾ.ಕ.: ಒಂದು ಸಂಗತಿಯನ್ನು ಬೇಕೆಂದೇ ಕೊನೆಗೆ ಇಟ್ಟೆ. ನಿನ್ನ ಅತ್ತೆಗೂ ಒಂದು ಪತ್ರ ಬರೆದಿದ್ದೇನೆ. ನಿನಗೆ ಮೊದಲು ತಿಳಿದರೆ ಬೇಡ ಅನ್ನುತ್ತೀ ಎಂದು ಅದನ್ನು ನಿನ್ನೆಯೇ ಪೋಸ್ಟಿಗೆ ಹಾಕಿಬಂದೆ. ಟೊಮ್ಯಾಟೊ ಕಟ್ಟಿದ್ದು ನಾನು, ನಿಮ್ಮ ಬೀಗರು ನನ್ನ ಮಾನ ಉಳಿಸಲು ಸುಳ್ಳು ಹೇಳಿದರು ಎಂದು ಬರೆದಿದ್ದೇನೆ. ಅವರಿಗೆ ಓದಲು ಬರುವುದಿಲ್ಲ, ಪಡಸಾಲೆಯಲ್ಲಿ ಎಲ್ಲರ ನಡುವೆ ಅಯಾಜನೇ ಓದಿ ಹೇಳಬೇಕಾಗುತ್ತದೆ. ಅವನು ಓದುವಾಗ ನೀನು ಹೆದರಿ ಒಳಗೆ ಹೋಗಬೇಡ. ನಿನ್ನ ಅತ್ತೆ ಮಾವ ಇಲ್ಲಿಗೆ ಬರುವ ಮುಂಚಿನ ಸೋಮವಾರ ನೀನು ಫೋನಿನಲ್ಲಿ ಮೆಲ್ಲಗೆ ಹೇಳಿದೆಯಲ್ಲ, ಅಮ್ಮಿ, ಆ ಗುಜರಿ ಡಬ್ಬಿಗಳು ಅತ್ತೆಯ ಕಣ್ಣಿಗೆ ಬಿದ್ದರೆ ನನಗೆ ನಾಚಿಕೆ, ಚೆಂದದವು ತಂದು ಬದಲಿಸಿಬಿಡು ಎಂದು, ಆ ಮಾತು ಆ ಪತ್ರದಲ್ಲಿ ಇಲ್ಲ. ನಿನ್ನ ಅಬ್ಬಾಗೂ ಹೇಳಿಲ್ಲ. ಡಬ್ಬಿ ಬದಲಿಸಿದ್ದು ನನ್ನದೇ ಬುದ್ಧಿ ಎಂದು ಬರೆದಿದ್ದೇನೆ.